‘ಟೆರರ್ ಆನ್ ದಿ ಫಾರ್ಟಿಯತ್ ಫ್ಲೋರ್’ ನಕಲು ಚಿತ್ರವಲ್ಲ: ಒಂದು ಸ್ಪಷ್ಟನೆ

ಅಮೆರಿಕದ ಎನ್‌ಬಿಸಿ ವಾಹಿನಿಗಾಗಿ ಜೆರ್ರಿ ಜೇಮ್ಸನ್ ನಿರ್ದೇಶಿಸಿದ ‘ಟೆರರ್ ಆನ್ ದಿ ಫಾರ್ಟಿಯತ್ ಫ್ಲೋರ್’ ಎಂಬ ಕಿರುತೆರೆ ಚಿತ್ರವು ಗಗನಚುಂಬಿ ಕಟ್ಟಡದ ಬೆಂಕಿ ಅನಾಹುತದ ಕಥೆಯುಳ್ಳ ಹಾಲಿವುಡ್ ಚಿತ್ರ ‘ದಿ ಟವರಿಂಗ್ ಇನ್ಫರ್ನೊ’ದ ಯಶಸ್ಸನ್ನು ಕಂಡು ತರಾತುರಿಯಲ್ಲಿ ತಯಾರಿಸಿದ ಅಗ್ಗದ ನಕಲು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಕಿರುತೆರೆ ಚಿತ್ರ ಪ್ರಸಾರವಾದದ್ದು 1974ರ ಸೆಪ್ಟೆಂಬರ್‌ನಲ್ಲಿ. ಇರ್ವಿನ್ ಆಲೆನ್ ನಿರ್ಮಿಸಿದ ದೊಡ್ಡ ಚಿತ್ರ ‘ದಿ ಟವರಿಂಗ್ ಇನ್ಫರ್ನೊ’ ತೆರೆಕಂಡದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಬಿಡುಗಡೆಯೇ ಆಗಿರದ ಚಿತ್ರದ ಯಶಸ್ಸನ್ನು ಕಂಡು ಯಾರೂ ನಕಲು ಮಾಡಿರಲಾರರು.

ಹಾಗೆಂದು ದೊಡ್ಡ ಚಿತ್ರವೇ ಇದರಿಂದ ಕಥೆ ಕದ್ದಿದೆ ಎನ್ನುವುದೂ ಅನ್ಯಾಯವಾದೀತು. ಅದಕ್ಕೆ ‘ದಿ ಟವರ್’ ಮತ್ತು ‘ದಿ ಗ್ಲಾಸ್ ಇನ್ಫರ್ನೊ’ ಎಂಬ ಎರಡು ಕಾದಂಬರಿಗಳ ಆಧಾರವಿದ್ದು, ಅವುಗಳ ಹಕ್ಕನ್ನು ಬೇರೆ ಬೇರೆಯಾಗಿ ಪಡೆದಿದ್ದ ವಾರ್ನರ್ ಬ್ರದರ್ಸ್ ಮತ್ತು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಗಳು ಪೈಪೋಟಿ ಬಿಟ್ಟು ಒಂದೇ ಚಿತ್ರಕ್ಕೆ ಕೈಜೋಡಿಸಿದವು. ಸನ್ನಿವೇಶಗಳೂ ಬೇರೆ. ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ 138 ಮಹಡಿಗಳ ಗೋಪುರದ ಉದ್ಘಾಟನೆಗೆ ಬಂದ ಗಣ್ಯರು 135ನೇ ಮಹಡಿಯಲ್ಲಿ ಸಿಕ್ಕಿಬೀಳುತ್ತಾರೆ. ಇಲ್ಲಿ ಬೆಂಕಿಯ ಬಾಯಿಗೆ ಸಿಲುಕುವವರು ಕಚೇರಿಯ ಕ್ರಿಸ್‌ಮಸ್ ಕೂಟ ಮುಗಿದ ಮೇಲೂ ಉಳಿದುಕೊಂಡ ಬೆರಳೆಣಿಕೆಯ ಜನ. ಸಣ್ಣ ಬಂಡವಾಳದ ಚಿತ್ರವೆಂಬ ಕಾರಣಕ್ಕೆ ಅದರ ಮೇಲೆ ಕಳ್ಳತನದ ಆರೋಪ ಹೊರಿಸುವುದು ತಪ್ಪು. ಈ ಮಾತನ್ನು ಹಂಚಿಕೊಂಡವರು ದಯವಿಟ್ಟು ತಿದ್ದಿಕೊಳ್ಳಬೇಕು.