ಇರುವ ಮನೆಗೆ ಮೃತ್ಯುಪತ್ರ, ಖಾಲಿ ಪ್ಲಾಟಿಗೆ ದಾನಪತ್ರ

ಪುಣೆಯಲ್ಲಿ ನೆಲೆಸಿರುವ ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಆಸ್ತಿ ಎರಡೂ ಕಡೆ ಇರುತ್ತದೆ. ಇಲ್ಲೊಂದು ಫ್ಲ್ಯಾಟ್, ಊರಲ್ಲಿ ಮನೆ ಅಥವಾ ಪ್ಲಾಟ್, ಕೆಲವರಿಗೆ ಒಂದಿಷ್ಟು ಎರಿ ಹೊಲ. ಎಲ್ಲವನ್ನೂ ಒಂದೇ ದಾರಿಯಲ್ಲಿ ಮಕ್ಕಳಿಗೆ ದಾಟಿಸಲು ಹೊರಡುತ್ತಾರೆ. ಅದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿ, ಅವ್ವನ ಜೊತೆ ವಾಸವಿರುವ ಮನೆ ಅಂದುಕೊಳ್ಳಿ. "ಈಗಲೇ ಮಗನ ಹೆಸರಿಗೆ ಮಾಡಿಬಿಡಿ" ಅಂತ ಎಲ್ಲರೂ ಹೇಳುತ್ತಾರೆ. ಖರ್ಚು ಕಡಿಮೆ, ನಿಜ. ಮನೆಯವರಿಗೇ ದಾನ ಕೊಟ್ಟರೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಒಂದು ಸಣ್ಣ ನಿಗದಿತ ಮೊತ್ತ ಅಷ್ಟೇ. ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಮಕ್ಕಳಿಗೆ ಕೊಟ್ಟರೆ ಆ ಶುಲ್ಕ 200 ರೂಪಾಯಿ. ಆದರೆ ದಾನಪತ್ರ ನೋಂದಣಿಯಾದ ಮೇಲೆ ಆ ಮನೆ ಅಪ್ಪನದಲ್ಲ. ಮನಸ್ಸು ಬದಲಾಯಿತು ಅಂತ ವಾಪಸ್ ಪಡೆಯಲು ಬರುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ರದ್ದು ಮಾಡಿಸುವ ದಾರಿ ಇದೆ. ಅದು ಗಟ್ಟಿಯಾಗಿ ನಿಲ್ಲಬೇಕಾದರೆ, ಕೊನೆತನಕ ನೋಡಿಕೊಳ್ಳಬೇಕು ಎಂಬ ಷರತ್ತು ಪತ್ರದಲ್ಲೇ ಇರಬೇಕು. ಮೇಲೆ, ಮಗನ ವಿರುದ್ಧ ಅರ್ಜಿ ಹಿಡಿದು ಉಪವಿಭಾಗಾಧಿಕಾರಿ ಹತ್ತಿರ ಹೋಗಬೇಕು. ಯಾವ ಅವ್ವ ಹೋಗುತ್ತಾಳೆ?

ಅದಕ್ಕೇ ಇರುವ ಮನೆಗೆ ಮೃತ್ಯುಪತ್ರವೇ, ಅಂದರೆ ಉಯಿಲೇ ಸರಿ. ಇಬ್ಬರು ಸಾಕ್ಷಿಗಳು ಸಾಕು, ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ ಅಂತಲೇ ಹೇಳುತ್ತೇನೆ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಖಾಲಿ ಪ್ಲಾಟಿನ ಮಾತು ಬೇರೆ. ಅಲ್ಲಿ ಯಾರೂ ಇರುವುದಿಲ್ಲ, ಕಾಗದವೇ ಕಾವಲು. ಹುಬ್ಬಳ್ಳಿ-ಧಾರವಾಡದಲ್ಲಿ ಪಾಲಿಕೆಯ ಖಾತೆ ಬೇರೆ, ಸಿಟಿ ಸರ್ವೆ ಕಚೇರಿಯ ದಾಖಲೆಯಾದ ಉತಾರ ಬೇರೆ. ದಾನ ಕೊಟ್ಟರೆ ಅಪ್ಪ ಇರುವಾಗಲೇ ಎರಡರಲ್ಲೂ ಹೆಸರು ಬದಲಾಗುತ್ತದೆ, ಏನಾದರೂ ತಪ್ಪಿದ್ದರೆ ಅವರೇ ಸಹಿ ಹಾಕಿ ಸರಿಪಡಿಸಬಹುದು. ಅವರು ಹೋದ ಮೇಲಾದರೆ ಮರಣ ಪ್ರಮಾಣಪತ್ರ, ವಂಶಾವಳಿ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಒಬ್ಬರು ಪುಣೆ, ಒಬ್ಬರು ದುಬೈ ಅಂದರೆ ಅದು ಎಳೆಯುತ್ತಲೇ ಹೋಗುತ್ತದೆ.

ತೆರಿಗೆಯ ಭಯವೂ ಬೇಡ. ತಂದೆ ಕೊಟ್ಟ ದಾನಕ್ಕೆ ಮಗ ಆದಾಯ ತೆರಿಗೆ ಕಟ್ಟಬೇಕಿಲ್ಲ. ಮುಂದೆ ಮಾರಿದಾಗ ಅಪ್ಪ ಕೊಂಡ ಬೆಲೆ, ಕೊಂಡ ದಿನವೇ ಲೆಕ್ಕಕ್ಕೆ ಬರುತ್ತದೆ. 2024ರ ಜುಲೈ 23ರಿಂದ ಇಂಥ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ. ಅದಕ್ಕೂ ಮೊದಲು ಕೊಂಡಿದ್ದರೆ, ಬೆಲೆ ಏರಿಕೆಯನ್ನು ಕಳೆದು ಶೇ 20ರ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಈ ಅನುಕೂಲ ಭಾರತದ ನಿವಾಸಿಗಳಿಗೆ ಮಾತ್ರ. ಹೊರದೇಶದಲ್ಲಿ ನೆಲೆಸಿದ ತಮ್ಮನ ಹೆಸರಿಗೆ ಮಾಡುವ ಮುಂಚೆ ಇದನ್ನು ಯೋಚಿಸಿ.

ಪುಣೆಯ ಫ್ಲ್ಯಾಟಿಗೆ ಸೊಸೈಟಿಯಲ್ಲಿ ನಾಮಿನಿ ಬರೆಸಿದರೆ ಮುಗಿಯಿತು ಅಂತ ಸುಮ್ನೆ ಕೂರುವವರು ಜಾಸ್ತಿ. ನಾಮಿನಿ ಮಾಲೀಕನಲ್ಲ, ವಾರಸುದಾರರ ಹಕ್ಕು ಹಾಗೇ ಇರುತ್ತದೆ. ಫ್ಲ್ಯಾಟನ್ನೂ ಮೃತ್ಯುಪತ್ರದಲ್ಲಿ ಸೇರಿಸಿ. ಊರಲ್ಲಿ ಮುಖ್ತಿಯಾರ ಪತ್ರದ (ಪವರ್ ಆಫ್ ಅಟಾರ್ನಿ) ಮೇಲೆ ಪ್ಲಾಟ್ ಕೊಳ್ಳುವುದಂತೂ ಬೇಡವೇ ಬೇಡ. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಪಿತ್ರಾರ್ಜಿತ ಹೊಲಕ್ಕೆ ಮಾತ್ರ ವಾಟ್ನಿಯೇ, ಅಂದರೆ ಪಾಲು ಹಂಚಿಕೆಯೇ ದಾರಿ. ರೋಣದ ಎರಿ ಹೊಲವನ್ನು ಅಪ್ಪ ಒಬ್ಬರೇ ಪೂರ್ತಿ ಬರೆದುಕೊಡಲು ಬರುವುದಿಲ್ಲ, ಅವರ ಪಾಲನ್ನಷ್ಟೇ ಮೃತ್ಯುಪತ್ರದಲ್ಲಿ ಬರೆದಿಡಬಹುದು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಹೀಗಿದ್ದರೂ ಅಕ್ಕ-ತಂಗಿಯರನ್ನು ಹಕ್ಕುಬಿಟ್ಟ ಪತ್ರಕ್ಕೆ ಸಹಿ ಹಾಕಲು ಮಾತ್ರ ಊರಿಗೆ ಕರೆಸುತ್ತಾರೆ. ಇದು ನನಗೆ ನೋವಿನ ವಿಷಯ. ಹೊಲ ಭಾಗ ಮಾಡಲು ಬೇಕಾದ 11ಇ ಸರ್ವೆ ನಕ್ಷೆ ಮಾಡಿಸುವಾಗಲೇ ಅವರ ಪಾಲನ್ನೂ ಗುರುತಿಸಿ, ವಾಟ್ನಿ ಪತ್ರದಲ್ಲಿ ಅವರ ಹೆಸರು ಬರೆಸಿ, ಪಹಣಿ ಬೇರೆ ಮಾಡಿಕೊಡಿ. ಬೇಡ ಅನ್ನುವುದಿದ್ದರೆ ಆಮೇಲೆ ಅವರೇ ಹೇಳಲಿ.