ಸುಬ್ಬಿಯ ಎಡಗಣ್ಣು

ನನ್ನ ಬಲ ಮುಂಗೈಯಲ್ಲಿ ಮೂರು ಗೀರುಗಳು ಇನ್ನೂ ಉರಿಯುತ್ತಿವೆ. ಇದು ಬೆಳಗಿನ ಆರು ಗಂಟೆಯ ಹನಿಯ ಲೆಕ್ಕ. ಹನ್ನೆರಡಕ್ಕೊಂದು, ಸಂಜೆ ಆರಕ್ಕೊಂದು, ರಾತ್ರಿ ಹತ್ತಕ್ಕೊಂದು ಬಾಕಿ ಇದೆ. ನಮ್ಮ ಬೆಕ್ಕು ಸುಬ್ಬಿಯ ಎಡಗಣ್ಣಿಗೆ ದಿನಕ್ಕೆ ನಾಲ್ಕು ಹೊತ್ತಿನಂತೆ ಏಳು ದಿನ ಔಷಧಿ ಹಾಕಬೇಕೆಂದು ಪಶುವೈದ್ಯರು ಚೀಟಿ ಬರೆದುಕೊಟ್ಟರು. ಸುಬ್ಬಿಯನ್ನು ಒಪ್ಪಿಸುವುದು ಹೇಗೆಂದು ಮಾತ್ರ ಬರೆಯಲಿಲ್ಲ.

ಗೌರಿ ಹಬ್ಬಕ್ಕೆಂದು ಮನೆಗೆ ಬಣ್ಣ ಹೊಡೆಸಿದ್ದೇ ನೆಪ. ಮೂರು ದಿನ ಮಂಚದಡಿ ಅವಿತಿದ್ದವಳು ನಾಲ್ಕನೆಯ ದಿನ ಹೊರಬಂದಾಗ ಎಡಗಣ್ಣು ಅರ್ಧ ಮುಚ್ಚಿತ್ತು, ಮೂಲೆಯಲ್ಲಿ ಹಳದಿ ಗೀಜು ಕಟ್ಟಿತ್ತು. ಬಣ್ಣದ ವಾಸನೆಯಿರಬೇಕು ಎಂದೆ ನಾನು. ನಂದಿಬಟ್ಟಲು ಹೂವಿನ ರಸ ಬಿಡಿ ಎಂದರು ಪಕ್ಕದ ಮನೆಯವರು. ವೈದ್ಯರು ಹೇಳಿದ್ದು ಬೇರೆಯೇ: ಮರಿಯಾಗಿದ್ದಾಗ ಹೊಕ್ಕ ಹರ್ಪಿಸ್ ವೈರಸ್ ಬಾಡಿಗೆ ಕೊಡದೆ ಮನೆ ಖಾಲಿಯೂ ಮಾಡದವರ ಹಾಗೆ ಬೆಕ್ಕಿನ ಮೈಯಲ್ಲಿ ಕೊನೆಯವರೆಗೂ ಉಳಿದುಬಿಡುತ್ತದೆ, ಮನೆಯಲ್ಲಿ ಗದ್ದಲವಾಗಿ ಬೆಕ್ಕು ಕಂಗಾಲಾದಾಗ ತಲೆಯೆತ್ತುತ್ತದೆ. ಕಣ್ಣಿಗೆ ಬಣ್ಣದ ದ್ರವ ಹಾಕಿ ನೀಲಿ ದೀಪ ಹಿಡಿದರು. ಕರಿಗುಡ್ಡೆಯ ಮೇಲೆ ಸಾಸಿವೆ ಕಾಳಿನಷ್ಟು ಹಸಿರು ಹೊಳೆಯಿತು. ಅದು ಹುಣ್ಣಂತೆ. ಕಣ್ಣಿಗೆ ಹಾಕಿದ್ದು ಮೂಗಿಗೂ ಇಳಿಯುತ್ತದೆ ಎಂದು ಅವರು ಹೇಳುವಷ್ಟರಲ್ಲಿ ಸುಬ್ಬಿ ಸೀನಿದಳು. ಅಪ್ಪನ ಬಿಳಿ ಪಂಚೆಯ ಮೇಲೆ ಹಸಿರು ಚಿತ್ತಾರ ಮೂಡಿತು.

ಅಪ್ಪನ ಬಗ್ಗೆ ಹೇಳಲೇಬೇಕು. ನಿವೃತ್ತ ಮೇಷ್ಟ್ರು. ಹೋದ ವರ್ಷ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ತಮ್ಮನ್ನು ಅರ್ಧ ನೇತ್ರತಜ್ಞರೆಂದೇ ಭಾವಿಸಿದ್ದಾರೆ. "ನನ್ನದೇ ಹನಿ ಅರ್ಧ ಬಾಟಲಿ ಉಳಿದಿದೆಯಲ್ಲಮ್ಮಾ, ಸುಮ್ಮನೆ ದುಡ್ಡು ಯಾಕೆ?" ಎಂದು ಫ್ರಿಜ್‌ನಿಂದ ಅದನ್ನು ತಂದೇಬಿಟ್ಟರು. ಅದರಲ್ಲಿ ಸ್ಟೀರಾಯ್ಡ್ ಇದೆ, ಹುಣ್ಣಿರುವ ಕಣ್ಣಿಗೆ ಬಿದ್ದರೆ ಹುಣ್ಣು ಇನ್ನೂ ಆಳಕ್ಕಿಳಿಯುತ್ತದೆ, ಮೇಲಾಗಿ ಬಾಟಲಿ ತೆರೆದು ವರ್ಷವಾಯಿತು ಎಂದು ಬಿಡಿಸಿ ಹೇಳಿದೆ. ಬಾಟಲಿ ಮತ್ತೆ ಫ್ರಿಜ್ಜಿಗೇ ಹೋಯಿತು. ನಮ್ಮ ಮನೆಯಲ್ಲಿ ಎಸೆಯುವುದೆಂದರೆ ಅದೇ.

ಔಷಧಿಯ ಹಾಜರಿ ಪುಸ್ತಕ ಅವರದೇ. ಗೋಡೆಯ ಕ್ಯಾಲೆಂಡರಿನಲ್ಲಿ, ರಾಹುಕಾಲದ ಪಕ್ಕದಲ್ಲಿ, ದಿನಕ್ಕೆ ನಾಲ್ಕು ಪುಟ್ಟ ಚೌಕಗಳು. ಸಮಯಕ್ಕೆ ಹತ್ತು ನಿಮಿಷ ಮೊದಲೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಬಿಡುತ್ತಾರೆ. ಹಾಕಿಯೇ ಇಲ್ಲವಲ್ಲಪ್ಪಾ ಎಂದರೆ, "ಹಾಕುತ್ತೀಯಲ್ಲ" ಎನ್ನುತ್ತಾರೆ.

ಇವತ್ತು ಬೆಳಿಗ್ಗೆ ಆದದ್ದಿಷ್ಟು. ಅಪ್ಪ ಸುಬ್ಬಿಯನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡರು. ನಾನು ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಗೀಜು ಒರೆಸಿದೆ. ಅಲ್ಲಿಯವರೆಗೆ ಎಲ್ಲ ಸರಿ. ಬಾಟಲಿ ಹಿಡಿದು, "ಅಪ್ಪಾ, ತಲೆ ಸ್ವಲ್ಪ ಮೇಲೆತ್ತಿ" ಎಂದೆ. ಅಪ್ಪ ತಮ್ಮ ತಲೆಯನ್ನೇ ಹಿಂದಕ್ಕೆ ವಾಲಿಸಿ, ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ, ಬಾಯಿ ತೆರೆದು ಕುಳಿತರು. ವಾರಗಟ್ಟಲೆ ಹನಿ ಹಾಕಿಸಿಕೊಂಡ ಅಭ್ಯಾಸ! ರೆಪ್ಪೆಗೆ ಹೋದದ್ದು ಬೆಕ್ಕನ್ನು ಹಿಡಿದಿದ್ದ ಕೈ. ಸುಬ್ಬಿ ಟವೆಲಿನಿಂದ ಜಾರಿ, ನನ್ನ ಮುಂಗೈಯನ್ನೇ ಮೆಟ್ಟಿಲು ಮಾಡಿಕೊಂಡು ಬೀರುವಿನ ಮೇಲೆ ಹಾರಿದಳು. ಹನಿ ಅಪ್ಪನ ಕನ್ನಡಕದ ಮೇಲೆ ಬಿತ್ತು. "ಬಿತ್ತೇನಮ್ಮಾ?" ಎಂದು ಅವರು ಕೇಳುತ್ತಲೇ ಇದ್ದರು.

ಅಮ್ಮ ಇದ್ದಾಗ ಇದೆಲ್ಲ ಇರಲಿಲ್ಲ. ಹುಳಿಗೆ ಹುರುಳಿಕಾಯಿ ಬಿಡಿಸುತ್ತಾ ಕುಳಿತವಳು ಸೆರಗಿನ ತುದಿಯಲ್ಲಿ ಸುಬ್ಬಿಯ ಎರಡೂ ಕಣ್ಣು ಒರೆಸಿಬಿಡುತ್ತಿದ್ದಳು. ಅದೇ ಬಟ್ಟೆಯಲ್ಲಿ ಎರಡು ಕಣ್ಣೂ ಒರೆಸಬಾರದು ಎನ್ನುತ್ತಾರೆ ವೈದ್ಯರು. ಸುಬ್ಬಿ ಮಾತ್ರ ಕಣ್ಣು ಮುಚ್ಚಿ, ಗುರುಗುಡುತ್ತಾ ಕೂತಿರುತ್ತಿದ್ದಳು.

ಹನ್ನೆರಡಕ್ಕೆ ಇನ್ನೈದು ನಿಮಿಷವಿದೆ. ಅಪ್ಪ ಟವೆಲ್ ಹಿಡಿದು ಮಂಚದ ಕೆಳಗೆ ಬಗ್ಗಿ "ಬಾರಮ್ಮಾ, ನಮ್ಮವ್ವಾ" ಎಂದು ಗೋಗರೆಯುತ್ತಿದ್ದಾರೆ. ಸುಬ್ಬಿ ಬೀರುವಿನ ಮೇಲಿನಿಂದ ಅವರನ್ನು ನೋಡುತ್ತಿದ್ದಾಳೆ. ಕ್ಯಾಲೆಂಡರಿನಲ್ಲಿ ಹನ್ನೆರಡರ ಗುರುತು ಆಗಲೇ ಬಿದ್ದಿದೆ.