ನೀಲಿ ಕಡೆಯೋ, ಕೆಂಪು ಕಡೆಯೋ

ಬೆಂಗಳೂರಿನವರಿಗೆ ಸೆಕೆ ಅನ್ನೋದು ಹವಾಮಾನ ಅಲ್ಲ, ಅವಮಾನ. ವಿಜಯಪುರದವರೋ ರಾಯಚೂರಿನವರೋ ಬೇಸಿಗೆ ಬಂತು ಅಂದರೆ ಬಂತು ಅಂದುಕೊಂಡು ಕೆಲಸ ನೋಡಿಕೊಳ್ಳುತ್ತಾರೆ. ನಮಗೆ ಹಾಗಲ್ಲ. 34 ಡಿಗ್ರಿ ದಾಟಿತು ಅಂದರೆ ಯಾರೋ ನಮಗೆ ಮೋಸ ಮಾಡಿದರು ಅನ್ನಿಸುತ್ತದೆ. ‘ಮುಂಚೆ ಹೀಗಿರ್ಲಿಲ್ಲ ರೀ, ಮನೇಲಿ ಫ್ಯಾನೇ ಇರ್ಲಿಲ್ಲ’ ಅಂತ ಶುರು ಮಾಡುತ್ತೇವೆ. ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲೆ ಕೂತವರ ಜಂಬ ಇದು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆದಾಗ ಅದಕ್ಕೊಂದು ಪೆಟ್ಟು ಬಿತ್ತು. ಆದರೂ ಪೂರ್ತಿ ಇಳಿದಿಲ್ಲ.

ಹಾಗಾಗಿ ಸೆಕೆ-ಚಳಿ ವಿಷಯದಲ್ಲಿ ನಮಗೆ ಗೊತ್ತಿರುವ ವಿದ್ಯೆ ಎರಡೇ. ಸೆಕೆ ಆದರೆ ಕಿಟಕಿ ತೆಗಿ. ಚಳಿ ಆದರೆ ಶಾಲು ಹೊದ್ದುಕೋ. ಇಷ್ಟರಲ್ಲೇ ನಮ್ಮ ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲರ ಕಾಲ ಕಳೆದುಹೋಯಿತು. ಇಂಥವರನ್ನು ಕಿಟಕಿ ತೆಗೆಯೋಕೇ ಬರದ ಒಂದು ಕಬ್ಬಿಣದ ಕೋಣೆಯಲ್ಲಿ ಮಲಗಿಸಿದರೆ?

ಈಗ ಜಯನಗರ, ಬಸವನಗುಡಿ ಕಡೆ ರಿಟೈರ್ ಆದವರಿಗೆಲ್ಲ ಕ್ರೂಸ್ ಹುಚ್ಚು. ಮುಂಚೆ ಕಾಶಿ ಇತ್ತು, ಆಮೇಲೆ ಸಿಂಗಪುರ ಬಂತು, ಈಗ ಹಡಗು. ಮುಂಬೈವರೆಗೆ ವಿಮಾನ, ಅಲ್ಲಿಂದ ಗೋವಾ, ಕೊಚ್ಚಿ ಕಡೆಗೆ ಸಮುದ್ರದ ಮೇಲೆ. ನಾವೂ ಹೋಗಿ ಬಂದೆವು. ಬಂದವರನ್ನು ಜನ ಕೇಳುವುದೆಲ್ಲ ಊಟದ ವಿಷಯ. ಅನ್ನ-ಸಾರು ಸಿಗುತ್ತಾ, ಈರುಳ್ಳಿ-ಬೆಳ್ಳುಳ್ಳಿ ಹಾಕದೆ ಮಾಡಿಕೊಡ್ತಾರಾ, ತಲೆ ಸುತ್ತಲಿಲ್ವಾ. ಕ್ಯಾಬಿನ್ ತಣ್ಣಗಿತ್ತಾ, ಬೆಚ್ಚಗಿತ್ತಾ ಅಂತ ಒಬ್ಬರೂ ಕೇಳಲಿಲ್ಲ. ನನ್ನ ಕೇಳಿದರೆ ಹಡಗಿನಲ್ಲಿ ಗಂಡ-ಹೆಂಡತಿ ಜಾಸ್ತಿ ಮಾತಾಡುವ ವಿಷಯ ಅದೊಂದೇ.

ನಮ್ಮ ಕ್ಯಾಬಿನ್ನಿನ ಬಾಗಿಲ ಪಕ್ಕ, ಲೈಟಿನ ಸ್ವಿಚ್ಚಿನ ಮೇಲ್ಗಡೆ ಒಂದು ತಿರುಗಿಸುವ ಗುಂಡಿ ಇತ್ತು. ನಂಬರ್ ಇಲ್ಲ. ಎಡಗಡೆಗೆ ಒಂದು ನೀಲಿ ಗೆರೆ, ಬಲಗಡೆಗೆ ಒಂದು ಕೆಂಪು ಗೆರೆ, ಅಷ್ಟೇ. ನೀಲಿ ತುದಿಯ ಹತ್ತಿರ ಬಣ್ಣ ಸವೆದು ಒಳಗಿನ ಬಿಳಿ ಪ್ಲಾಸ್ಟಿಕ್ ಕಾಣುತ್ತಿತ್ತು. ಕೆಂಪು ಮಾತ್ರ ಹೊಸದರ ಹಾಗೆ ಮಿರಮಿರ ಅನ್ನುತ್ತಿತ್ತು. ನಮಗಿಂತ ಮುಂಚೆ ಆ ಕೋಣೆಯಲ್ಲಿ ಇದ್ದವರೆಲ್ಲ ಯಾವ ಕಡೆ ತಿರುಗಿಸಿದ್ದಾರೆ ಅಂತ ಅದರಲ್ಲೇ ಗೊತ್ತಾಗುತ್ತಿತ್ತು. ನಮ್ಮನೆಯವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ‘ನೋಡೇ, ಬಹುಮತ ನನ್ನ ಕಡೆ ಇದೆ’ ಅಂದರು. ನೀಲಿ ತುದಿಗೆ ತಿರುಗಿಸಿದರು. ಅವರು ಸ್ನಾನಕ್ಕೆ ಹೋದಾಗ ನಾನು ಕೆಂಪು ಕಡೆ ತಿರುಗಿಸಿದೆ. ಅವರು ಬಂದು ಮತ್ತೆ ನೀಲಿ. ತಮಾಷೆ ಏನಪ್ಪಾ ಅಂದರೆ ಗುಂಡಿ ಎಲ್ಲಿದ್ದರೂ ಗಾಳಿ ಮಾತ್ರ ಅದೇ ಗಾಳಿ.

ಹಾಗಂತ ಅದು ಕೆಟ್ಟಿರಲಿಲ್ಲ. ಹಡಗಿನ ಏರ್‌ಕಂಡಿಷನ್ ಇರುವುದೇ ಹಾಗೆ. ಮನೆಯಲ್ಲಾದರೆ ಒಂದು ರೂಮಿಗೆ ಒಂದು ಎಸಿ. ಹಡಗಿನಲ್ಲಿ ಕೆಳಗೆಲ್ಲೋ, ಎಂಜಿನ್ನಿನ ಹತ್ತಿರ, ದೊಡ್ಡ ದೊಡ್ಡ ಚಿಲ್ಲರ್‌ಗಳು ನೀರನ್ನು ಆರೇಳು ಡಿಗ್ರಿಗೆ ತಣ್ಣಗೆ ಮಾಡುತ್ತವೆ. ಆ ನೀರು ಪೈಪುಗಳಲ್ಲಿ ಅಂತಸ್ತು ಅಂತಸ್ತಿಗೂ ಹೋಗುತ್ತದೆ. ಗಾಳಿ ಆ ಪೈಪುಗಳನ್ನು ಸವರಿಕೊಂಡು ತಣ್ಣಗಾಗಿ ಕ್ಯಾಬಿನ್ನಿಗೆ ಬರುತ್ತದೆ. ನಮ್ಮಿಂದ ಎಳೆದ ಶಾಖವನ್ನೆಲ್ಲ ಸಮುದ್ರದ ನೀರಿಗೆ ಬಿಡುತ್ತಾರೆ. ಹಡಗನ್ನು ಮುಂದೆ ಓಡಿಸುವ ಕೆಲಸ ಬಿಟ್ಟರೆ ಅಲ್ಲಿ ಕರೆಂಟು ಜಾಸ್ತಿ ತಿನ್ನುವ ಕೆಲಸಗಳಲ್ಲಿ ಇದೂ ಒಂದು. ಇಷ್ಟೆಲ್ಲ ದೊಡ್ಡ ವ್ಯವಹಾರದಲ್ಲಿ ಗೋಡೆಯ ಮೇಲಿನ ಆ ಗುಂಡಿಗೆ ಇರುವ ಅಧಿಕಾರ ಒಂದೆರಡು ಡಿಗ್ರಿ ಆಚೀಚೆ. ಕೆಲವು ಹಡಗುಗಳಲ್ಲಿ ಅದು ಬರೀ ಗಾಳಿ ಜಾಸ್ತಿ-ಕಮ್ಮಿ ಮಾಡುತ್ತದೆ. ಅದೂ ನಿಧಾನವಾಗಿ. ಹತ್ತು ನಿಮಿಷಕ್ಕೊಂದು ಸಲ ತಿರುಗಿಸುವವರಿಗೆ ಅದು ಎಂದೂ ಉತ್ತರ ಕೊಡುವುದಿಲ್ಲ. ನಾವಿಬ್ಬರೂ ಅಂಥವರೇ.

ನಮ್ಮದು ಬಾಲ್ಕನಿ ಇದ್ದ ಕ್ಯಾಬಿನ್. ಕಿಟಕಿ ತೆಗೆದು ಅಭ್ಯಾಸ ಇರುವ ಬೆಂಗಳೂರಿನವರು ಮೊದಲು ಮಾಡುವ ಕೆಲಸ ಬಾಲ್ಕನಿ ಬಾಗಿಲು ತೆಗೆದಿಡುವುದು. ಸಮುದ್ರದ ಗಾಳಿ ಬರಲಿ ಅಂತ. ಬರುತ್ತದೆ, ಆದರೆ ಜೊತೆಗೆ ತೇವವನ್ನೂ ತರುತ್ತದೆ. ನಮ್ಮೂರಿನ ಗಾಳಿಗೂ ಅರಬ್ಬೀ ಸಮುದ್ರದ ಗಾಳಿಗೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಚಕ್ಕುಲಿಯಿಂದ. ಮನೆಯಲ್ಲಿ ಮಾಡಿದ ತಿಂಡಿ ಹಡಗಿಗೆ ಬಿಡುವುದಿಲ್ಲ ಅಂತ ಹೇಳಿದ್ದಕ್ಕೆ ಗಾಂಧಿಬಜಾರಿನ ಕಾಂಡಿಮೆಂಟ್ಸ್ ಅಂಗಡಿಯಿಂದ ಸೀಲ್ ಮಾಡಿದ ಪ್ಯಾಕೆಟ್ ತಂದಿದ್ದೆ. ಅದನ್ನು ಒಡೆದು ಮೇಜಿನ ಮೇಲಿಟ್ಟು, ಬಾಗಿಲು ತೆಗೆದು, ಹೊರಗೆ ಕುರ್ಚಿಯಲ್ಲಿ ಕೂತು ಸಮುದ್ರ ನೋಡಿದೆವು. ಒಳಗೆ ಬಂದಾಗ ಕನ್ನಡಿ ಮಂಜಾಗಿತ್ತು. ಗಾಳಿ ಬರುವ ಜಾಲರಿಯ ಅಂಚಿನಲ್ಲಿ ನೀರಿನ ಹನಿ ಸಾಲಾಗಿ ನಿಂತಿದ್ದವು. ಒಂದು ಹನಿ ದಿಂಬಿನ ಮೇಲೂ ಬಿದ್ದಿತ್ತು. ಚಕ್ಕುಲಿ ಮುರಿದರೆ ಸದ್ದೇ ಇಲ್ಲ, ಬಗ್ಗಿತು. ಬಾಗಿಲು ಹಾಕಿ ಹೊಸ ಪ್ಯಾಕೆಟ್ ಒಡೆದೆ. ಅದು ಮಾರನೇ ದಿನವೂ ಕಟುಂ ಅನ್ನುತ್ತಿತ್ತು. ಅಲ್ಲಿಂದ ಮೇಲೆ ಗುಂಡಿ ನೋಡುವುದು ಬಿಟ್ಟು ಚಕ್ಕುಲಿ ಮುರಿದು ನೋಡುತ್ತಿದ್ದೆ.

ಇದು ಸುಮ್ನೆ ಹೇಳುವ ಮಾತಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಅನ್ನುವ ಎಂಜಿನಿಯರ್ ಎಸಿ ಕಂಡುಹಿಡಿದಾಗ ಅವನ ಮನಸ್ಸಿನಲ್ಲಿ ಮನುಷ್ಯರು ಇರಲೇ ಇಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್. ಬೇಸಿಗೆಯ ತೇವಕ್ಕೆ ಕಾಗದ ಉಬ್ಬಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯಿಂದ ತೇವ ತೆಗೆಯೋಕೆ ಅಂತ ಹೊರಟದ್ದು ಆಮೇಲೆ ನಮ್ಮನ್ನು ತಣ್ಣಗಿಡುವ ಕೆಲಸಕ್ಕೂ ಬಂತು. ಕಾಗದದ ಸುಖಕ್ಕೆ ಹುಟ್ಟಿದ ಯಂತ್ರಕ್ಕೆ ಚಕ್ಕುಲಿಯ ಸುಖ ಗೊತ್ತಿದ್ದರೆ ಆಶ್ಚರ್ಯ ಏನು?

ಕೆಲವು ಹಡಗುಗಳಲ್ಲಿ ಬಾಲ್ಕನಿ ಬಾಗಿಲು ತೆಗೆದರೆ ಎಸಿ ತಾನಾಗಿಯೇ ನಿಂತುಹೋಗುತ್ತದಂತೆ. ಒಳ್ಳೇ ಏರ್ಪಾಡು. ನಮ್ಮಂಥವರಿಗೆ ಬೇಕಾದ್ದೇ ಅದು.

ಹೊರಡುವ ಮುಂಚೆ ನನ್ನ ನಾದಿನಿ ಫೋನ್ ಮಾಡಿ, ‘ಅತ್ತಿಗೆ, ನಿಮ್ಮ ಕ್ಯಾಬಿನ್ ಬಾಗಿಲು ಯಾವ ದಿಕ್ಕಿಗಿದೆ?’ ಅಂತ ಕೇಳಿದ್ದಳು. ವಾಸ್ತು. ಹಡಗು ತಿರುಗಿದ ಹಾಗೆ ವಾಸ್ತುವೂ ತಿರುಗುತ್ತಮ್ಮಾ ಅಂತ ನಕ್ಕುಬಿಟ್ಟೆ. ಆದರೆ ಹಡಗಿನಲ್ಲಿ ದಿಕ್ಕಿಗೆ ನಿಜವಾಗಿಯೂ ಬೆಲೆ ಇದೆ. ಮುಂಬೈಯಿಂದ ದಕ್ಷಿಣಕ್ಕೆ ಹೊರಟ ಹಡಗಿನ ಬಲಗಡೆ ಪಶ್ಚಿಮ. ಮಧ್ಯಾಹ್ನ ಮೂರರಿಂದ ಸಂಜೆವರೆಗೆ ಬಿಸಿಲು ಬಲಗಡೆಯ ಗಾಜಿನ ಬಾಗಿಲಿಗೇ ಹೊಡೆಯುತ್ತದೆ. ವಾಪಸ್ ಬರುವಾಗ ಅದೇ ಬಿಸಿಲು ಎಡಗಡೆಯವರ ಪಾಲು. ನಾವು ಬಲಗಡೆ ಇದ್ದೆವು. ಬೆಳಿಗ್ಗೆ ತಿಂಡಿಗೆ ಹೋಗುವ ಮುಂಚೆಯೇ ದಪ್ಪ ಪರದೆ ಎಳೆದು ಹೋದರೆ ಸಂಜೆ ಕೋಣೆ ಒಂದು ಹದದಲ್ಲಿ ಇರುತ್ತಿತ್ತು. ಎಳೆಯದೆ ಹೋದ ದಿನ ರಾತ್ರಿ ಊಟ ಮುಗಿದರೂ ಒಳಗಿನ ಧಗೆ ಇಳಿದಿರಲಿಲ್ಲ. ಎಸಿ ಕಂಡಿರದ ಕಾಲದಲ್ಲಿ ಇಂಗ್ಲೆಂಡಿನಿಂದ ಇಲ್ಲಿಗೆ ಬರುತ್ತಿದ್ದ ದೊರೆಗಳಿಗೂ ಇದೇ ಚಿಂತೆ ಇದ್ದಿರಬೇಕು. ಅರಬ್ಬೀ ಸಮುದ್ರದಲ್ಲಿ ಪೂರ್ವಕ್ಕೆ ಬರುವಾಗ ಹಡಗಿನ ಎಡಗಡೆ ಉತ್ತರ, ಅಲ್ಲಿ ನೆರಳು ಜಾಸ್ತಿ. ನಾದಿನಿಗೆ ಇದನ್ನು ಹೇಳಿದ್ದರೆ ‘ನಾನು ಅದನ್ನೇ ಕೇಳಿದ್ದು’ ಅನ್ನುತ್ತಿದ್ದಳು. ಅದಕ್ಕೇ ಹೇಳಲಿಲ್ಲ.

ಇನ್ನೊಂದು ಸಮಸ್ಯೆ ಕಾರ್ಡು. ಬಾಗಿಲ ಒಳಗೆ ಒಂದು ಗೂಡು. ಕೀ ಕಾರ್ಡನ್ನು ಅದರಲ್ಲಿ ಸಿಕ್ಕಿಸಿದರೇ ದೀಪ ಉರಿಯುತ್ತದೆ. ಕೆಲವು ಕಡೆ ಕಾರ್ಡು ತೆಗೆದರೆ ಎಸಿಯೂ ಮಂದವಾಗುತ್ತದೆ. ನಮ್ಮನೆಯವರು ಪರ್ಸಿನಿಂದ ಮೆಟ್ರೋ ಕಾರ್ಡು ತೆಗೆದು ಅಲ್ಲಿಗೆ ಸಿಕ್ಕಿಸಿದರು. ಉರಿಯಿತು! ಜಯನಗರದಿಂದ ಮೆಜೆಸ್ಟಿಕ್‌ವರೆಗೆ ಓಡಾಡಿಕೊಂಡಿದ್ದ ಕಾರ್ಡು ಗೋವಾ ದಾಟಿದರೂ ಕೆಲಸ ಮಾಡುತ್ತಿದೆ ಅಂತ ಅವರಿಗೆ ಆದ ಸಂತೋಷ ಸಮುದ್ರ ನೋಡಿದಾಗಲೂ ಆಗಿರಲಿಲ್ಲ. ಯಾರೂ ಇಲ್ಲದ ಕೋಣೆಯನ್ನು ದಿನವಿಡೀ ತಣ್ಣಗಿಡೋದು ಸರಿಯಲ್ಲ ರೀ ಅಂತ ನಾನು ಅದನ್ನು ಕಿತ್ತು ಪರ್ಸಿಗೆ ಹಾಕಿದೆ. ಪರದೆ ಎಳೆದಿದ್ದರೆ ಅಷ್ಟು ಸಾಕು.

ಆದರೆ ಪರದೆ, ಬಾಗಿಲು, ಕಾರ್ಡು ಎಲ್ಲ ಸರಿ ಮಾಡಿಕೊಂಡ ಮೇಲೂ ಮೂಲ ಸಮಸ್ಯೆ ಹಾಗೇ ಉಳಿಯುತ್ತದೆ. ಕೋಣೆಗೆ ಎಷ್ಟು ಡಿಗ್ರಿ ಬೇಕು? ಡೆನ್ಮಾರ್ಕಿನ ಪ್ರೊಫೆಸರ್ ಓಲೆ ಫ್ಯಾಂಗರ್ ಅಂತ ಒಬ್ಬರು ಇದನ್ನೇ ಹಿಡಿದು ಕೂತಿದ್ದರು. ಜನರನ್ನು ಕೋಣೆಯಲ್ಲಿ ಕೂರಿಸಿ, ಸೆಕೆನಾ, ಚಳಿನಾ, ಸರಿ ಇದೆಯಾ ಅಂತ ಕೇಳಿ ಲೆಕ್ಕ ಹಾಕಿದರು. 1970ರ ಹೊತ್ತಿಗೆ ಅವರು ಕೊಟ್ಟ ಲೆಕ್ಕದಲ್ಲಿ ಡಿಗ್ರಿ ಅನ್ನೋದು ಆರರಲ್ಲಿ ಒಂದು ಅಷ್ಟೇ. ಗೋಡೆಯ ಬಿಸಿ, ಗಾಳಿಯ ವೇಗ, ತೇವ, ಹಾಕಿರುವ ಬಟ್ಟೆ, ಮೈಯ ಚಟುವಟಿಕೆ, ಇವೂ ಸೇರಬೇಕು. ನನಗೆ ಇಷ್ಟವಾದದ್ದು ಕೊನೆಯ ಮಾತು. ಎಲ್ಲವನ್ನೂ ಎಷ್ಟೇ ಚೆನ್ನಾಗಿ ಹೊಂದಿಸಿದರೂ ನೂರರಲ್ಲಿ ಐದು ಜನಕ್ಕೆ ಸಮಾಧಾನ ಇರುವುದಿಲ್ಲ ಅಂತ ಅವರ ಲೆಕ್ಕ. ಪುಣ್ಯಾತ್ಮ, ನೂರು ಜನರ ಹಾಲ್‌ಗೆ ಲೆಕ್ಕ ಹಾಕಿದ. ಇಬ್ಬರೇ ಇರುವ ಕ್ಯಾಬಿನ್ನಿನಲ್ಲಿ ಸಮಾಧಾನ ಇಲ್ಲದವರು ಒಬ್ಬರಾದರೂ ಅದು ನೂರಕ್ಕೆ ಐವತ್ತು!

ಇದಕ್ಕೂ ಒಂದು ಕಾರಣ ಇದೆ. 2015ರಲ್ಲಿ ನೆದರ್‌ಲೆಂಡ್ಸ್‌ನ ಇಬ್ಬರು ಸಂಶೋಧಕರು ಹಳೆಯ ಲೆಕ್ಕದ ಒಂದು ಹುಳುಕು ತೋರಿಸಿದರು. ಆಫೀಸುಗಳ ಎಸಿ ಹೊಂದಿಸುವಾಗ ಮೈಯ ಶಾಖಕ್ಕೆ ಅಳತೆಯಾಗಿ ಇಟ್ಟುಕೊಂಡಿದ್ದು 40 ವರ್ಷದ, 70 ಕೆ.ಜಿ. ತೂಕದ ಒಬ್ಬ ಗಂಡಸನ್ನು. ಹೆಂಗಸರ ಮೈ ಕೂತಲ್ಲಿ ಅಷ್ಟು ಶಾಖ ಹುಟ್ಟಿಸುವುದಿಲ್ಲ. ಅದಕ್ಕೇ ಆಫೀಸಿನಲ್ಲಿ ಹುಡುಗಿಯರು ಕುರ್ಚಿಗೊಂದು ಸ್ವೆಟರ್ ನೇತುಹಾಕಿ ಇಟ್ಟಿರುತ್ತಾರೆ. ಇದನ್ನು ಓದಿ ಹೇಳಿದಾಗ ನಮ್ಮನೆಯವರು, ‘ನನಗೆ 40 ಅಲ್ಲವಲ್ಲ’ ಅಂದರು. 70 ಕೆ.ಜಿ. ವಿಷಯ ಎತ್ತಲಿಲ್ಲ.

ಕೊನೆಗೆ ನಮಗೆ ದಾರಿ ತೋರಿಸಿದ್ದು ರಾತ್ರಿ ಬಸ್ಸಿನ ಅನುಭವ. ಎಸಿ ಬಸ್ಸಿನಲ್ಲಿ ಮಂಗಳೂರಿಗೋ ಹುಬ್ಬಳ್ಳಿಗೋ ಹೋದವರಿಗೆ ಗೊತ್ತು. ತಲೆಯ ಮೇಲಿನ ಗಾಳಿ ತೂತು ಮುಚ್ಚೋಕೆ ಬರದಿದ್ದರೆ ಜನ ಕಿಟಕಿಯ ಪರದೆಯ ತುದಿಯನ್ನೇ ಅದಕ್ಕೆ ತುರುಕುತ್ತಾರೆ. ಹಡಗಿನಲ್ಲಿ ತುರುಕುವುದು ಬೇಡ, ಗಾಳಿಯ ದಾರಿ ತಿರುಗಿಸಿದರೆ ಸಾಕು. ಕ್ಯಾಬಿನ್ನಿನ ಗೋಡೆ, ಸೀಲಿಂಗ್ ಎರಡೂ ಹೆಚ್ಚಿನ ಹಡಗುಗಳಲ್ಲಿ ಉಕ್ಕಿನ ತಗಡು, ಅಯಸ್ಕಾಂತ ಗಪ್ಪನೆ ಹಿಡಿಯುತ್ತದೆ. ನನ್ನ ಬ್ಯಾಗಿನಲ್ಲಿ ಯಾರದೋ ಮದುವೆ ಕಾಗದ ಇತ್ತು, ಗಣಪತಿ ಚಿತ್ರದ ದಪ್ಪ ರಟ್ಟಿನದು. ಪಕ್ಕದ ಕ್ಯಾಬಿನ್ನಿನ ಮೈಸೂರಿನವರು ಎರಡು ಫ್ರಿಜ್ ಮ್ಯಾಗ್ನೆಟ್ ಕೊಟ್ಟರು, ಎರಡರಲ್ಲೂ ಅರಮನೆ. ಆ ರಟ್ಟನ್ನು ಜಾಲರಿಯ ಅಂಚಿಗೆ ಓರೆಯಾಗಿ ನಿಲ್ಲಿಸಿದೆವು. ನನ್ನ ತಲೆಯ ಮೇಲೆ ಬೀಳುತ್ತಿದ್ದ ಗಾಳಿ ಅವರ ಕಡೆಗೆ ಹೊರಳಿತು. ಅವರಿಗೆ ಬೇಕಾಗಿದ್ದೂ ಅದೇ.

ಆಮೇಲೆ ಹೊದಿಕೆ. ಹಾಸಿಗೆಯ ಮೇಲೆ ಇಬ್ಬರಿಗೂ ಸೇರಿ ಒಂದೇ ದಪ್ಪ ರಜಾಯಿ ಇಟ್ಟಿರುತ್ತಾರೆ. ಹೊದ್ದರೆ ಬೆವರು, ಸರಿಸಿದರೆ ನಡುಕ. ಹಡಗಿನವರು ಗಾಳಿಯನ್ನು ತಣ್ಣಗೆ ಬಿಡುವುದೂ ರಜಾಯಿಯನ್ನು ದಪ್ಪ ಇಡುವುದೂ ಒಬ್ಬರನ್ನೊಬ್ಬರು ಕೇಳಿಕೊಂಡು ಮಾಡಿದ್ದಲ್ಲ ಅನ್ನಿಸುತ್ತದೆ. ಕೋಣೆ ನೋಡಿಕೊಳ್ಳುವ ಹುಡುಗನನ್ನು ಕೇಳಿದರೆ ತೆಳು ಹೊದಿಕೆ ಬೇರೆ ತಂದುಕೊಡುತ್ತಾನೆ, ಎರಡು ಬೇಕಾದರೂ ಕೊಡುತ್ತಾನೆ. ಕೇಳಬೇಕು ಅಷ್ಟೇ. ನಾನು ನನ್ನ ಸೊಲ್ಲಾಪುರದ ಹೊದಿಕೆ ತೆಗೆದುಕೊಂಡು ಹೋಗಿದ್ದೆ, ಯಾರನ್ನೂ ಕೇಳುವ ಕಷ್ಟ ಬರಲಿಲ್ಲ. ಬ್ಯಾಟರಿಯ ಪುಟ್ಟ ಫ್ಯಾನು ಒಯ್ಯಬಹುದು. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ಮಾತ್ರ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ನೀರಿನ ನಡುವೆ ಅವರಿಗೆ ದೊಡ್ಡ ಭಯ ಬೆಂಕಿಯದೇ.

ಊರಿಗೆ ಬಂದ ಮೇಲೆ ನಮ್ಮನೆಯವರು ಬೆಡ್‌ರೂಮಿಗೂ ಒಂದು ಎಸಿ ಹಾಕಿಸಿದರು. 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಎಸಿಗಳೆಲ್ಲ ಆನ್ ಮಾಡಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗಬೇಕು ಅಂತ ಸರ್ಕಾರದ ನಿಯಮ. ಅವರು ಅದನ್ನು 20ಕ್ಕೆ ಇಳಿಸುತ್ತಾರೆ. ನಾನು ಕಿಟಕಿ ತೆಗೆಯುತ್ತೇನೆ.

ಮತ್ತೆ ಹಡಗಿಗೆ ಹೋಗೋದಾದರೆ ನನ್ನ ಓಟು ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ನಿಗೆ. ಬಿಸಿಲು ಹೊಡೆಯೊಲ್ಲ, ತೆಗೆದಿಡೋಕೆ ಬಾಲ್ಕನಿ ಬಾಗಿಲಿಲ್ಲ, ಚಕ್ಕುಲಿ ಮೆತ್ತಗಾಗೊಲ್ಲ. ರೇಟೂ ಕಮ್ಮಿ. ಇದನ್ನು ಹೇಳಿದರೆ ಅವರಿಗೆ ಕೋಪ. ‘ಅಷ್ಟು ದುಡ್ಡು ಕೊಟ್ಟು ಸಮುದ್ರ ನೋಡದೆ ಮಲಗೋಕೆ ಹಡಗ್ಯಾಕೆ ಕಣೇ?’ ಅನ್ನುತ್ತಾರೆ. ಸಮುದ್ರ ಮೇಲಿನ ಡೆಕ್ಕಿನಲ್ಲಿ ಎಲ್ಲರಿಗೂ ಬಿಟ್ಟಿ ರೀ, ಮಲಗೋಕೆ ಮಾತ್ರ ಕೆಳಗೆ ಬಂದರಾಯ್ತು ಅಂತ ನಾನು. ಅವರಿನ್ನೂ ಒಪ್ಪಿಲ್ಲ. ಟ್ರಾವೆಲ್ಸ್‌ನವರಿಗೆ ಮಾತ್ರ ನಾನೇ ಫೋನ್ ಮಾಡಿ ರೇಟು ಕೇಳಿಟ್ಟಿದ್ದೇನೆ.